ಮ್ಯಾಕ್ರೋ ಇಲ್ಲದ ಫೋನಿನಲ್ಲಿ ನುಸಿಯ ಫೋಟೋ: ರಟ್ಟಿನ ಮೇಜು, ಒಂದು ಲೆನ್ಸು, ಒಂದು ನೋಟ್‌ಬುಕ್ಕು

ಮೆಣಸಿನಕಾಯಿ ಗಿಡ ಮುಟುರಿಕೊಂಡಿದೆ. ಎಲೆಯಡಿ ಏನೋ ಸಣ್ಣದು ಓಡಾಡುತ್ತಿದೆ. ಫೋಟೋ ತೆಗೆದು ಕೃಷಿ ವಿಜ್ಞಾನ ಕೇಂದ್ರದವರಿಗೆ ಕಳಿಸಿದರೆ, "ಸರಿಯಾಗಿ ಕಾಣ್ತಿಲ್ಲ, ಇನ್ನೊಂದು ಕಳಿಸಿ" ಅಂತ ಉತ್ತರ. ಇನ್ನೊಂದು ಕಳಿಸಿದರೂ ಅದೇ ಉತ್ತರ.

ಕಳೆದ ಹಂಗಾಮಿನಲ್ಲಿ ಪಕ್ಕದ ಹೊಲದ ಅಕ್ಕ ಒಂದೇ ಎಲೆಯ 14 ಫೋಟೋ ನನಗೆ ಕಳಿಸಿದ್ದರು. ಹದಿನಾಲ್ಕರಲ್ಲೂ ಹಿಂದಿನ ಬದುವಿನ ಹುಲ್ಲು ಎಳೆಎಳೆಯಾಗಿ ಕಾಣುತ್ತಿತ್ತು. ಮುಂದಿದ್ದ ಎಲೆ ಮಾತ್ರ ಹಸಿರು ಮಸುಕು. ಅವರ ತಪ್ಪೇನೂ ಇರಲಿಲ್ಲ. ಆ ಫೋನಿಗೆ ಅಷ್ಟು ಹತ್ತಿರದ್ದು ಕಾಣುವುದೇ ಇಲ್ಲ.

ಸಾಮಾನ್ಯ ಫೋನಿನ ಮುಖ್ಯ ಕ್ಯಾಮೆರಾ ಕನಿಷ್ಠ ಸುಮಾರು 8ರಿಂದ 10 ಸೆಂ.ಮೀ. ದೂರದಲ್ಲಿ ಇರುವುದನ್ನು ಮಾತ್ರ ಸ್ಪಷ್ಟವಾಗಿ ನೋಡುತ್ತದೆ. ಅದಕ್ಕಿಂತ ಹತ್ತಿರ ಹೋದರೆ ಪರದೆಯನ್ನು ಎಷ್ಟು ಒತ್ತಿದರೂ ಫೋಕಸ್ ಆಗುವುದಿಲ್ಲ. 10 ಸೆಂ.ಮೀ. ದೂರದಿಂದ ತೆಗೆದರೆ 1 ಮಿ.ಮೀ. ಹುಳ ಒಂದು ಚುಕ್ಕೆ. ಜೂಮ್ ಮಾಡಿದರೆ ಆ ಚುಕ್ಕೆಯೇ ದೊಡ್ಡದಾಗುತ್ತದೆ ಅಷ್ಟೆ, ಕಾಲು ರೆಕ್ಕೆ ಕಾಣುವುದಿಲ್ಲ.

ಮ್ಯಾಕ್ರೋ, ಅಂದರೆ ತೀರಾ ಹತ್ತಿರದ್ದನ್ನು ಹಿಡಿಯುವ ಕ್ಯಾಮೆರಾ, ಇರುವ ಹೊಸ ಫೋನ್ ಕೊಳ್ಳಬೇಕಿಲ್ಲ. ಫೋನಿನ ಮುಂದೆ ಒಂದು ಲೆನ್ಸ್ ಬೇಕು. ಲೆನ್ಸಿಗಿಂತ ಮುಖ್ಯವಾಗಿ, ಎಲೆ ಮತ್ತು ಲೆನ್ಸಿನ ನಡುವಿನ ದೂರ ಅಲುಗಾಡಬಾರದು. ಹೆಚ್ಚಿನವರು ಸೋಲುವುದು ಈ ಎರಡನೆಯದರಲ್ಲೇ. ಲೆನ್ಸ್ ಹೊಂದಿಸಿಕೊಂಡು ಕೈಯಲ್ಲಿ ಹಿಡಿದು ತೆಗೆಯಲು ಹೋಗುತ್ತಾರೆ. ಕೈ ಎಷ್ಟೇ ಗಟ್ಟಿ ಇದ್ದರೂ ಒಂದು ಮಿ.ಮೀ. ಆಚೀಚೆ ಆಗಿಯೇ ಆಗುತ್ತದೆ, ಫೋಟೋ ಹಾಳಾಗುತ್ತದೆ. ಅದಕ್ಕೇ ಈ ಬರಹದಲ್ಲಿ ಅರ್ಧ ಜಾಗ ಆ ದೂರವನ್ನು ಹಿಡಿದಿಡುವ ರಟ್ಟಿನ ಮೇಜು ಮಾಡುವುದಕ್ಕೆ ಕೊಟ್ಟಿದ್ದೇನೆ. ದಯವಿಟ್ಟು ಆ ಭಾಗವನ್ನು ಹಾರಿಸಬೇಡಿ.

ಬೇಕಾಗುವ ಸಾಮಾನು

- 10 ಎಕ್ಸ್ (ಹತ್ತು ಪಟ್ಟು ದೊಡ್ಡದಾಗಿ ತೋರಿಸುವುದು) ಎಂದು ಬರೆದಿರುವ ಸಣ್ಣ ಲೆನ್ಸ್. ಗಡಿಯಾರ ರಿಪೇರಿಯವರು, ಅಕ್ಕಸಾಲಿಗರು ಕಣ್ಣಿಗೆ ಹಿಡಿದುಕೊಳ್ಳುವಂಥದ್ದು
- ದಪ್ಪ ರಟ್ಟು (ಟಿವಿ, ಮಿಕ್ಸಿ ಬರುವ ಡಬ್ಬದ್ದು)
- ಖಾಲಿ ಬೆಂಕಿಪೊಟ್ಟಣಗಳು, 8 ಅಥವಾ 12
- ಕರೆಂಟಿನವರು ಬಳಸುವ ಕಪ್ಪು ಟೇಪ್, ಫೆವಿಕಾಲ್, ಬ್ಲೇಡು, ಅಡಿಪಟ್ಟಿ
- 100 ಹಾಳೆಯ ನೋಟ್‌ಬುಕ್ಕು
- ಒಂದು ತುಂಡು ಗ್ರಾಫ್ ಹಾಳೆ
- ಎರಡನೇ ಫೋನ್ ಅಥವಾ ಸಣ್ಣ ಟಾರ್ಚ್

ತಕ್ಷಣ ಅಂಟುವ ಸೂಪರ್ ಗ್ಲೂ ಮಾತ್ರ ಬೇಡವೇ ಬೇಡ. ಅದು ಒಣಗುವಾಗ ಬಿಡುವ ಹಬೆ ಹತ್ತಿರದ ಗಾಜಿನ ಮೇಲೆ ಬಿಳಿ ಪೊರೆಯ ಹಾಗೆ ಕೂರುತ್ತದೆ. ಲೆನ್ಸೂ ಹೋಗುತ್ತದೆ, ಹತ್ತಿರ ಫೋನ್ ಇದ್ದರೆ ಅದರ ಕ್ಯಾಮೆರಾ ಗಾಜೂ ಮಂಕಾಗುತ್ತದೆ.

ಹಂತ 1: ಯಾವ ಲೆನ್ಸ್ ಎಂದು ಮೊದಲು ನಿರ್ಧರಿಸಿ

ಏನು ನೋಡಬೇಕು ಎನ್ನುವುದರ ಮೇಲೆ ಲೆನ್ಸ್. ಥ್ರಿಪ್ಸ್ ನುಸಿ 1ರಿಂದ 2 ಮಿ.ಮೀ. ಉದ್ದ. ಗಿಡಹೇನು, ಬಿಳಿ ನೊಣ, ಹಿಟ್ಟು ತಿಗಣೆಯ ಮರಿ, ಇವೂ ಹೆಚ್ಚುಕಡಿಮೆ ಅದೇ ಅಳತೆ. ಇವಕ್ಕೆಲ್ಲ 10 ಎಕ್ಸ್ ಲೆನ್ಸ್ ಸಾಕು. ಮೊದಲ ಸಲ ಮಾಡುವವರು ಇದರಿಂದಲೇ ಶುರುಮಾಡಿ.

ಮೈಟ್ ನುಸಿ ಹಾಗಲ್ಲ. ಮೆಣಸಿನ ಎಲೆಯಡಿ ಇರುವ ಹಳದಿ ಮೈಟ್ ಆಗಲಿ, ತೆಂಗಿನ ಕಾಯಿಯ ತೊಟ್ಟಿನಡಿ ಅಡಗುವ ನುಸಿಯಾಗಲಿ, ಉದ್ದ ಸುಮಾರು 0.2 ಮಿ.ಮೀ. ಮಾತ್ರ. ಅದಕ್ಕೆ ಇನ್ನೂ ಬಲವಾದ ಲೆನ್ಸ್ ಬೇಕು. ಕೆಟ್ಟುಹೋದ ಡಿವಿಡಿ ಪ್ಲೇಯರಿನೊಳಗೆ ಡಿಸ್ಕಿನ ಕೆಳಗೆ ಕಾಣುವ ಹನಿಯಂಥ ಪುಟ್ಟ ಲೆನ್ಸ್, ಅಥವಾ ಮಕ್ಕಳು ಆಡುವ ಲೇಸರ್ ಪಾಯಿಂಟರಿನ ಮೂತಿಯ ಲೆನ್ಸ್ ಆಗುತ್ತದೆ.

ಡಿವಿಡಿ ಪ್ಲೇಯರ್ ಬಿಚ್ಚುವಾಗ ಕರೆಂಟಿನ ಪ್ಲಗ್ ಕಿತ್ತು, ಸ್ವಲ್ಪ ಹೊತ್ತು ಬಿಟ್ಟು ಬಿಚ್ಚಿ. ಬಿಚ್ಚಿದ ಮೇಲೆ ಕರೆಂಟ್ ಕೊಟ್ಟು ನೋಡಬೇಡಿ, ಅದರ ಲೇಸರ್ ಕಣ್ಣಿಗೆ ಅಪಾಯ. ಪಾಯಿಂಟರ್ ಆದರೆ ಸೆಲ್ ತೆಗೆದ ನಂತರವೇ ಕೈ ಹಾಕಿ. ಡಿವಿಡಿ ಲೆನ್ಸಿನ ಅಕ್ಕಪಕ್ಕ ಸಣ್ಣ ಆಯಸ್ಕಾಂತಗಳಿರುತ್ತವೆ, ಅವನ್ನು ಬೇರೆಮಾಡಿ ದೂರ ಇಡಿ. ಫೋನ್ ಕ್ಯಾಮೆರಾ ಫೋಕಸ್ ಮಾಡುವುದೂ ಆಯಸ್ಕಾಂತದಿಂದಲೇ, ಹೊರಗಿನ ಆಯಸ್ಕಾಂತ ಹತ್ತಿರ ಬಂದರೆ ಅದು ಗಲಿಬಿಲಿಯಾಗುತ್ತದೆ.

ಕ್ಯಾಮೆರಾದ ಮೇಲೆ ಒಂದು ಹನಿ ನೀರು ಬಿಟ್ಟರೆ ಸಾಕು ಎನ್ನುವ ವಿಡಿಯೋ ನೀವೂ ನೋಡಿರಬಹುದು. ಹನಿ ನಿಜವಾಗಿಯೂ ಲೆನ್ಸಿನಂತೆ ಕೆಲಸ ಮಾಡುತ್ತದೆ. ಆದರೆ ಪ್ರತಿ ಹನಿಯ ಗಾತ್ರ ಬೇರೆ, ಹಾಗಾಗಿ ದೂರವೂ ಬೇರೆ. ಫೋನ್ ಸ್ವಲ್ಪ ವಾಲಿದರೆ ಹನಿ ಜಾರುತ್ತದೆ. ಹಳೆಯ ಫೋನಿನಲ್ಲಿ ಗಾಜಿನ ಸಂದಿಯಿಂದ ನೀರು ಒಳಗೂ ಹೋಗಬಹುದು. ಹೊಲದ ಕೆಲಸಕ್ಕೆ ಅದನ್ನು ನಾನು ಹೇಳುವುದಿಲ್ಲ.

ಹಂತ 2: ಲೆನ್ಸಿನ ದೂರ ಅಳೆಯಿರಿ

ಪ್ರತಿ ಲೆನ್ಸಿಗೂ ತನ್ನದೇ ಒಂದು ದೂರ ಇದೆ. ಶಾಲೆಯ ಪುಸ್ತಕದಲ್ಲಿ ಇದನ್ನೇ ಸಂಗಮದೂರ ಎಂದು ಓದಿದ್ದೆವು. ಎಲೆಯನ್ನು ಲೆನ್ಸಿನಿಂದ ಹೆಚ್ಚುಕಡಿಮೆ ಅಷ್ಟೇ ದೂರದಲ್ಲಿ ಇಡಬೇಕು.

ಅಳೆಯುವುದು ಸುಲಭ. ರಾತ್ರಿ ಟ್ಯೂಬ್‌ಲೈಟ್ ಹಾಕಿ, ಅದರ ಕೆಳಗೆ ನೆಲದ ಮೇಲೆ ಬಿಳಿ ಹಾಳೆ ಇಡಿ. ಲೆನ್ಸನ್ನು ಹಾಳೆಗೆ ತಾಗಿಸಿ ನಿಧಾನವಾಗಿ ಮೇಲೆತ್ತಿ. ಒಂದು ಎತ್ತರದಲ್ಲಿ ಹಾಳೆಯ ಮೇಲೆ ಟ್ಯೂಬ್‌ಲೈಟಿನ ಪುಟ್ಟ, ಚೊಕ್ಕ ಬಿಂಬ ಮೂಡುತ್ತದೆ. ಅಲ್ಲೇ ಕೈ ನಿಲ್ಲಿಸಿ, ಲೆನ್ಸಿನಿಂದ ಹಾಳೆಗೆ ಎಷ್ಟು ಎಂದು ಪಕ್ಕದವರಿಂದ ಅಳೆಸಿ. 10 ಎಕ್ಸ್ ಲೆನ್ಸ್ ಆಗಿದ್ದರೆ 2.5 ಸೆಂ.ಮೀ. ಹತ್ತಿರ ಬರಬೇಕು. 5 ಸೆಂ.ಮೀ. ಬಂದರೆ ಅದರ ಮೇಲೆ ಏನೇ ಬರೆದಿದ್ದರೂ ಅದು 5 ಎಕ್ಸ್ ಮಾತ್ರ. ಅಗ್ಗದ ಲೆನ್ಸುಗಳಲ್ಲಿ ಇದು ಬಹಳ ಸಾಮಾನ್ಯ, ಹಾಗಾಗಿ ಅಳೆಯದೆ ಮುಂದೆ ಹೋಗಬೇಡಿ.

ಇದನ್ನು ಬಿಸಿಲಲ್ಲಿ ಮಾಡಬೇಡಿ. ಸೂರ್ಯನ ಬಿಂಬ ಹಾಳೆಯನ್ನು ಸುಡುತ್ತದೆ. ಲೆನ್ಸನ್ನು ಕಿಟಕಿಯ ಮೇಲೆ, ಟ್ರ್ಯಾಕ್ಟರ್ ಸೀಟಿನ ಮೇಲೆ ಬಿಟ್ಟು ಹೋಗುವುದೂ ಬೇಡ.

ಡಿವಿಡಿ ಲೆನ್ಸಿನ ದೂರ ಕೆಲವೇ ಮಿ.ಮೀ. ಅದನ್ನು ಹೀಗೆ ಅಳೆಯಲು ಕಷ್ಟ. ಎಲೆಗೆ ತಾಗಿಯೂ ತಾಗದಂತೆ ಇಡಬೇಕಾಗುತ್ತದೆ ಎಂದು ತಿಳಿದಿರಿ, ಸರಿಮಾಡುವುದು ಹಂತ 5ರಲ್ಲಿದೆ.

ಹಂತ 3: ರಟ್ಟಿನ ಮೇಜು

ಲೆನ್ಸನ್ನು ಫೋನಿಗೆ ಅಂಟಿಸುವ ಬದಲು ಮೇಜಿಗೇ ಕೂರಿಸಿ. ಆಗ ಫೋನಿಗೆ ಒಂದು ಕಲೆಯೂ ಆಗುವುದಿಲ್ಲ. ಮನೆಯಲ್ಲಿರುವ ಯಾವ ಫೋನನ್ನಾದರೂ ಇಟ್ಟು ತೆಗೆಯಬಹುದು.

ರಟ್ಟನ್ನು ಅಂಗೈ ಎರಡರಷ್ಟು ದೊಡ್ಡದಾಗಿ ಎರಡು ತುಂಡು ಕತ್ತರಿಸಿ. ರಟ್ಟಿನೊಳಗೆ ಅಲೆಅಲೆಯಾದ ಗೆರೆಗಳಿರುತ್ತವಲ್ಲ, ಒಂದರ ಗೆರೆ ಉದ್ದಕ್ಕೆ, ಇನ್ನೊಂದರ ಗೆರೆ ಅಡ್ಡಕ್ಕೆ ಬರುವಂತೆ ಫೆವಿಕಾಲ್ ಹಚ್ಚಿ ಜೋಡಿಸಿ. ಮೇಲೆ ಭಾರ ಇಟ್ಟು ರಾತ್ರಿಯಿಡೀ ಬಿಡಿ. ಒಂದೇ ಪದರ ಇಟ್ಟರೆ ಫೋನಿನ ಭಾರಕ್ಕೆ ನಡು ಬಗ್ಗುತ್ತದೆ. ಬೆಳಿಗ್ಗೆ ಸರಿಯಿದ್ದ ದೂರ ಸಂಜೆಗೆ ಇರುವುದಿಲ್ಲ.

ನಡುವೆ ಲೆನ್ಸಿನ ಅಳತೆಗೆ ಗುಂಡಗೆ ತೂತು ಕೊರೆಯಿರಿ. ಸ್ವಲ್ಪ ಬಿಗಿಯಾಗಿಯೇ ಇರಲಿ. ಲೆನ್ಸನ್ನು ಒತ್ತಿ ಕೂರಿಸಿ, ಸುತ್ತ ಕಪ್ಪು ಟೇಪ್ ಹಾಕಿ. ಲೆನ್ಸಿನ ಮೇಲ್ಮುಖ ರಟ್ಟಿನ ಮಟ್ಟಕ್ಕೇ ಬರಬೇಕು. ಫೋನ್ ಇಟ್ಟಾಗ ಕ್ಯಾಮೆರಾಕ್ಕೂ ಲೆನ್ಸಿಗೂ ಸಂದಿ ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು.

ಲೆನ್ಸಿನ ಯಾವ ಮುಖ ಕೆಳಗೆ? ಡಿವಿಡಿ ಲೆನ್ಸ್ ಆದರೆ ಡಿಸ್ಕಿನ ಕಡೆ ಇದ್ದ ಮುಖ ಎಲೆಯ ಕಡೆಗೆ. ಬೇರೆ ಲೆನ್ಸ್ ಆದರೆ ಎರಡೂ ರೀತಿ ಇಟ್ಟು ಫೋಟೋ ತೆಗೆದು ನೋಡಿ. ಅಂಚಿನವರೆಗೂ ಸ್ಪಷ್ಟ ಬರುವುದು ಯಾವುದೋ ಅದೇ ಸರಿ.

ಇನ್ನು ಕಾಲುಗಳು. ನಾಲ್ಕು ಮೂಲೆಗೆ ಬೆಂಕಿಪೊಟ್ಟಣಗಳನ್ನು ಒಂದರ ಮೇಲೊಂದು ಅಂಟಿಸಿ. ಲೆಕ್ಕ ಹೀಗೆ: ಲೆನ್ಸಿನ ಗಾಜಿನಿಂದ ನೆಲಕ್ಕೆ ಇರುವ ಎತ್ತರ, ಹಂತ 2ರಲ್ಲಿ ಅಳೆದ ದೂರಕ್ಕಿಂತ ಒಂದು ಸೆಂ.ಮೀ.ನಷ್ಟು ಜಾಸ್ತಿ ಇರಲಿ. ಆ ಹೆಚ್ಚುವರಿ ಜಾಗಕ್ಕೆ ನೋಟ್‌ಬುಕ್ಕು ಬರುತ್ತದೆ. ಲೆನ್ಸಿನ ಡಬ್ಬಿ ರಟ್ಟಿನ ಕೆಳಗೆ ಇಳಿಬಿದ್ದಿದ್ದರೆ ಅದನ್ನೂ ಸೇರಿಸಿ ಲೆಕ್ಕಹಾಕಿ. ನಾಲ್ಕು ಕಾಲೂ ಒಂದೇ ಎತ್ತರ ಇವೆಯೇ ಎಂದು ಅಡಿಪಟ್ಟಿ ಇಟ್ಟು ನೋಡಿ. ಒಂದು ಕಾಲು ಮೋಟಾದರೆ ಫೋಟೋದ ಒಂದು ಬದಿ ಸ್ಪಷ್ಟ, ಇನ್ನೊಂದು ಬದಿ ಮಸುಕು.

ಹಂತ 4: ಫೋನ್ ಕೂರಿಸುವುದು

ಈಗಿನ ಫೋನಿನ ಹಿಂದೆ ಮೂರು ನಾಲ್ಕು ಕಣ್ಣುಗಳಿರುತ್ತವೆ. ಮುಖ್ಯ ಕಣ್ಣು ಯಾವುದು ಎಂದು ಹೀಗೆ ಹುಡುಕಿ: ಕ್ಯಾಮೆರಾ ತೆರೆದು 1 ಎಕ್ಸ್‌ನಲ್ಲಿ ಇಡಿ. ಒಂದೊಂದೇ ಕಣ್ಣನ್ನು ಬೆರಳಿನಿಂದ ಮುಚ್ಚುತ್ತಾ ಬನ್ನಿ. ಯಾವುದನ್ನು ಮುಚ್ಚಿದಾಗ ಪರದೆ ಕತ್ತಲಾಗುತ್ತದೋ ಅದೇ. ಅದರ ಪಕ್ಕ ಪೆನ್ನಿನಿಂದ ಸಣ್ಣ ಗುರುತು ಹಾಕಿಕೊಳ್ಳಿ. ಬಹಳ ಜನ ತಪ್ಪು ಕಣ್ಣಿನ ಕೆಳಗೆ ಲೆನ್ಸ್ ಇಟ್ಟು "ಏನೂ ಕಾಣ್ತಿಲ್ಲ" ಎನ್ನುತ್ತಾರೆ.

ಕ್ಯಾಮೆರಾ ಗಾಜನ್ನು ಮೆತ್ತನೆ ಹತ್ತಿ ಬಟ್ಟೆಯಿಂದ ಒರೆಸಿ. ಹಿಂದಿನ ಕವರ್ ತೆಗೆಯಿರಿ. ಆ ಕಣ್ಣು ಲೆನ್ಸಿನ ನೇರ ಮೇಲೆ ಬರುವಂತೆ ಫೋನನ್ನು ಮಲಗಿಸಿ. ಪರದೆಯಲ್ಲಿ ಬೆಳಕಿನ ಒಂದು ಗುಂಡು ಕಾಣುತ್ತದೆ, ಅದು ನಡುವಿಗೆ ಬರುವವರೆಗೆ ಫೋನನ್ನು ಸರಿಸಿ. ಮೂಲೆಗಳು ಕಪ್ಪಾಗಿದ್ದರೆ ಗಾಬರಿ ಬೇಡ, ಅದು ಸಹಜ.

ಕ್ಯಾಮೆರಾ ಉಬ್ಬಿರುವ ಫೋನ್ ಆದರೆ ಒಂದು ಕಡೆಗೆ ವಾಲುತ್ತದೆ. ಇನ್ನೊಂದು ತುದಿಯ ಕೆಳಗೆ ಹಳೆಯ ಎಟಿಎಂ ಕಾರ್ಡ್ ಒಂದೆರಡು ಇಟ್ಟು ಸಮ ಮಾಡಿ.

ಸೆಟ್ಟಿಂಗ್ ಕೆಲಸ ಸ್ವಲ್ಪವೇ. ಫ್ಲ್ಯಾಶ್ ಆಫ್. ಬ್ಯೂಟಿ, ಎಐ ಆಫ್. ಫೋನೇ ತಾನಾಗಿ ಬೇರೆ ಕಣ್ಣಿಗೆ ಬದಲಾಗುವ ಆಯ್ಕೆ ಇದ್ದರೆ ಅದೂ ಆಫ್. ಟೈಮರ್ 3 ಸೆಕೆಂಡಿಗೆ ಇಡಿ, ಯಾಕೆಂದರೆ ಬೆರಳು ತಾಗಿದರೇ ಫೋಟೋ ಅಲುಗುತ್ತದೆ. ವೈರಿನ ಇಯರ್‌ಫೋನ್ ಇದ್ದರೆ ಇನ್ನೂ ಚೆನ್ನ. ಬಹಳಷ್ಟು ಫೋನುಗಳಲ್ಲಿ ಅದರ ವಾಲ್ಯೂಮ್ ಬಟನ್ ಒತ್ತಿದರೆ ಫೋಟೋ ಬೀಳುತ್ತದೆ.

ಹಂತ 5: ನೋಟ್‌ಬುಕ್ಕಿನಿಂದ ಫೋಕಸ್

ಇಡೀ ಕೆಲಸದ ಜೀವ ಇರುವುದು ಇಲ್ಲೇ, ನಿಧಾನವಾಗಿ ಓದಿ.

2.5 ಸೆಂ.ಮೀ. ದೂರದ ಲೆನ್ಸ್ ಹಾಕಿದರೆ, ಎಲೆ ಲೆನ್ಸಿನಿಂದ 2ರಿಂದ 2.5 ಸೆಂ.ಮೀ. ಒಳಗೆ ಇದ್ದಾಗ ಮಾತ್ರ ಫೋನಿನ ಫೋಕಸ್ ಕೆಲಸ ಮಾಡುತ್ತದೆ. ಅಂದರೆ ಅದರ ಕೈಗೆ ಸಿಗುವುದು ಅರ್ಧ ಸೆಂ.ಮೀ. ಜಾಗ ಅಷ್ಟೆ. ಡಿವಿಡಿ ಅಥವಾ ಪಾಯಿಂಟರ್ ಲೆನ್ಸಿನಲ್ಲಿ ಈ ಜಾಗ ಕಾಲು ಮಿ.ಮೀ.ಗೂ ಕಡಿಮೆ ಆಗುತ್ತದೆ. ಪರದೆಯನ್ನು ಒತ್ತಿ ಒತ್ತಿ ಸಾಕಾಗುತ್ತದೆಯೇ ಹೊರತು ಫೋಕಸ್ ಆಗುವುದಿಲ್ಲ. ಆಗ ಎಲೆಯನ್ನೇ ಕೂದಲೆಳೆಯಷ್ಟು ಏರಿಸಬೇಕು, ಇಳಿಸಬೇಕು.

ನೋಟ್‌ಬುಕ್ಕಿನ ಒಂದು ಹಾಳೆಯ ದಪ್ಪ ಸುಮಾರು 0.1 ಮಿ.ಮೀ. ಇದಕ್ಕಿಂತ ನಾಜೂಕಾದ ಅಳತೆ ಮನೆಯಲ್ಲಿ ಬೇರೆ ಸಿಗುವುದಿಲ್ಲ. ನೋಟ್‌ಬುಕ್ಕನ್ನು ಮೇಜಿನ ಕೆಳಗೆ ತಳ್ಳಿ. ಎಲೆಯನ್ನು ಪುಟದ ಮೇಲಿಡಿ. ಮಸುಕಾಗಿದ್ದರೆ ಎಲೆ ತೆಗೆದು ಹತ್ತು ಹಾಳೆ ತಿರುವಿ, ಮತ್ತೆ ಇಟ್ಟು ನೋಡಿ. ಮಸುಕು ಹೆಚ್ಚಾದರೆ ಇನ್ನೊಂದು ದಿಕ್ಕಿಗೆ ತಿರುವಿ. ಹತ್ತಿರ ಬಂದಂತೆ ಒಂದೊಂದೇ ಹಾಳೆ. ಎಲೆಯ ನರದ ಮೇಲಿನ ಸಣ್ಣ ರೋಮಗಳು ಬೇರೆಬೇರೆಯಾಗಿ ಕಂಡ ಪುಟವೇ ನಿಮ್ಮ ಪುಟ. ಆ ಪುಟದ ಮೂಲೆಯಲ್ಲಿ ಲೆನ್ಸಿನ ಹೆಸರು ಬರೆದಿಡಿ. ಮುಂದಿನ ಸಲ ಅಲ್ಲಿಗೇ ಹೋಗಬಹುದು.

ಮೊದಲ ಅಭ್ಯಾಸ ಎಲೆಯ ಮೇಲೆ ಬೇಡ. ಗ್ರಾಫ್ ಹಾಳೆ ಇಟ್ಟು ಮಾಡಿ. 1 ಮಿ.ಮೀ. ಚೌಕಗಳು ಚೂಪಾಗಿ ಬಂದರೆ ಮೇಜು ಸರಿಯಿದೆ ಎಂದರ್ಥ. ಚೌಕಗಳು ಒಂದು ಬದಿಗೆ ಮಸುಕಾದರೆ ಕಾಲುಗಳನ್ನು ನೋಡಿ. ಅಂಚಿನಲ್ಲಿ ಕಾಮನಬಿಲ್ಲಿನ ಬಣ್ಣ ಬಂದರೆ ಅದು ಲೆನ್ಸಿನ ಗುಣ, 2 ಎಕ್ಸ್ ಜೂಮ್ ಮಾಡಿ ನಡುಭಾಗ ಮಾತ್ರ ಬಳಸಿ. ಇಡೀ ಫೋಟೋ ಮಂಜು ಕವಿದಂತಿದ್ದರೆ ಎಲ್ಲೋ ಬೆರಳಿನ ಗುರುತು ಇದೆ, ಒರೆಸಿ. ಒಂದೇ ಜಾಗದಲ್ಲಿ ಪ್ರತಿ ಸಲ ಕಪ್ಪು ಚುಕ್ಕೆ ಕಂಡರೆ ಅದು ಲೆನ್ಸಿನ ಧೂಳು. ಅದನ್ನೇ ಹುಳ ಎಂದುಕೊಂಡು ಕಳಿಸಬೇಡಿ.

ಹಂತ 6: ಬೆಳಕು

ಮೇಜಿನ ಕೆಳಗೆ ಕತ್ತಲಿರುತ್ತದೆ. ಕಿಟಕಿಯ ಪಕ್ಕ ಇಡಿ, ಸಾಲದಿದ್ದರೆ ಎರಡನೇ ಫೋನಿನ ಟಾರ್ಚನ್ನು ಬದಿಯಿಂದ ಬಿಡಿ. ಟಾರ್ಚಿನ ಮುಂದೆ ಒಂದು ಬಿಳಿ ಹಾಳೆ ಹಿಡಿಯಿರಿ. ಬರಿ ಟಾರ್ಚ್ ಬಿಟ್ಟರೆ ಹುಳದ ಮೈ ಪಳಪಳ ಹೊಳೆದು ಬಣ್ಣವೇ ತಿಳಿಯುವುದಿಲ್ಲ. ಇಲ್ಲಿ ಬಣ್ಣ ಮುಖ್ಯ.

ಹಂತ 7: ಹುಳವನ್ನು ಹುಡುಕಿ ತರುವುದು

ಎಲೆ ಕೀಳುವ ಮೊದಲೇ, ಲೆನ್ಸ್ ಇಲ್ಲದೆ, ಗಿಡದ ಮೇಲೆ ಇರುವಂತೆಯೇ ಮುಟುರಿನ ಫೋಟೋ ತೆಗೆಯಿರಿ. ಅಂಚು ಮೇಲಕ್ಕೆ ದೋಣಿಯಂತೆ ಮಡಚಿದ್ದರೆ ಸಾಮಾನ್ಯವಾಗಿ ಥ್ರಿಪ್ಸ್. ಕೆಳಕ್ಕೆ ಮಡಚಿದ್ದರೆ ಸಾಮಾನ್ಯವಾಗಿ ಮೈಟ್. ಎಲೆ ಬಾಡಿದ ಮೇಲೆ ಈ ಗುರುತು ಅಳಿಸಿಹೋಗುತ್ತದೆ.

ಆಮೇಲೆ ಹೂವಿನ ಕೆಳಗೆ ಬಿಳಿ ಹಾಳೆ ಹಿಡಿದು ಮೆಲ್ಲಗೆ ತಟ್ಟಿ. 2021ರಲ್ಲಿ ಆಂಧ್ರ, ತೆಲಂಗಾಣ ಮತ್ತು ನಮ್ಮ ರಾಜ್ಯದ ಮೆಣಸಿನ ಹೊಲಗಳನ್ನು ಹಾಳುಮಾಡಿದ ಕಪ್ಪು ಥ್ರಿಪ್ಸ್ ಹೆಚ್ಚಾಗಿ ಹೂವಿನೊಳಗೇ ಕೂರುತ್ತದೆ. ಎಲೆಯನ್ನೇ ಹುಡುಕುತ್ತಿದ್ದರೆ ಸಿಗುವುದಿಲ್ಲ. ಮೈಟ್ ಬೇಕಾದರೆ ತುದಿಯ ಎಳೆ ಎಲೆಯ ಅಡಿಭಾಗ ನೋಡಿ.

ಎಲೆ, ಹೂವನ್ನು ಸಣ್ಣ ಡಬ್ಬಿಯಲ್ಲಿ ಮುಚ್ಚಿ ತನ್ನಿ. ಹುಳ ಓಡಾಡಿ ಕಾಟ ಕೊಟ್ಟರೆ ಡಬ್ಬಿಯನ್ನು ಫ್ರಿಜ್ಜಿನ ಕೆಳಗಿನ ಖಾನೆಯಲ್ಲಿ 5 ನಿಮಿಷ ಇಡಿ. ಚಳಿಗೆ ಮಂದವಾಗುತ್ತದೆ, ಫೋಟೋಕ್ಕೆ ಬೇಕಾದಷ್ಟು ಹೊತ್ತು ಸುಮ್ನೆ ಕೂರುತ್ತದೆ. ಐಸ್ ಖಾನೆಯಲ್ಲಿ ಇಡಬೇಡಿ. ಹೊರಗೆ ತಂದಾಗ ತೇವ ಕೂತು ಎಲ್ಲಾ ಹನಿಹನಿಯಾಗುತ್ತದೆ. ಕೆಲಸ ಮುಗಿದ ಮೇಲೆ ಆ ಎಲೆಗಳನ್ನು ಸುಟ್ಟುಬಿಡಿ. ಇನ್ನೊಬ್ಬರ ಹೊಲದ ಹತ್ತಿರ ಎಸೆಯಬೇಡಿ.

ಔಷಧಿ ಹೊಡೆದ ಮೇಲೆ ಫೋಟೋ ತೆಗೆಯುವುದು ನಾನು ಕಂಡ ದೊಡ್ಡ ತಪ್ಪು. ಸತ್ತು ಒಣಗಿದ ಹುಳದಿಂದ ಜಾತಿ ಹೇಳುವುದು ಕಷ್ಟ. ಮೈಟ್‌ಗೆ ಎಂಟು ಕಾಲು, ಅದು ಕೀಟವೇ ಅಲ್ಲ. ಥ್ರಿಪ್ಸ್‌ಗೆ ಹೊಡೆಯುವ ಎಷ್ಟೋ ಔಷಧಿ ಅದಕ್ಕೆ ತಾಗುವುದಿಲ್ಲ, ಕೆಲವಂತೂ ಮೈಟನ್ನು ಇನ್ನೂ ಹೆಚ್ಚಿಸುತ್ತವೆ. ಮೊದಲು ಫೋಟೋ, ಆಮೇಲೆ ಅಂಗಡಿ.

ಹಂತ 8: ಕಳಿಸುವುದು

ನಾಲ್ಕು ಫೋಟೋ ಸಾಕು: ಹೊಲದ್ದು, ಒಂದು ಇಡೀ ಗಿಡದ್ದು, ಮುಟುರಿದ ಎಲೆಯದ್ದು, ಕೊನೆಗೆ ಹುಳದ್ದು. ಹುಳದ ಪಕ್ಕ ಗ್ರಾಫ್ ಹಾಳೆಯ ಚೂರು ಇರಲಿ, ನೋಡಿದವರಿಗೆ ಅಳತೆ ಸಿಗುತ್ತದೆ. ನಾಣ್ಯ ಇಡಬೇಡಿ. ಒಂದು ರೂಪಾಯಿಯೇ ಬೇರೆಬೇರೆ ಗಾತ್ರದಲ್ಲಿ ಬಂದಿದೆ.

ವಾಟ್ಸಾಪಿನಲ್ಲಿ ಗ್ಯಾಲರಿಯಿಂದ ಹಾಗೇ ಕಳಿಸಿದರೆ ಫೋಟೋ ಕುಗ್ಗುತ್ತದೆ, ಇಷ್ಟು ಕಷ್ಟಪಟ್ಟು ಹಿಡಿದ ಕಾಲು ರೆಕ್ಕೆಗಳು ಅಲ್ಲೇ ಕಳೆದುಹೋಗುತ್ತವೆ. ಪಿನ್ನಿನ ಗುರುತು ಒತ್ತಿ, ಡಾಕ್ಯುಮೆಂಟ್ ಆಯ್ಕೆಮಾಡಿ ಕಳಿಸಿ. ಜೊತೆಗೆ ಹೀಗೆ ಬರೆಯಿರಿ:

"ನಮಸ್ಕಾರ ಸರ್. ಬೆಳೆ: ಬ್ಯಾಡಗಿ ಮೆಣಸಿನಕಾಯಿ. ನಾಟಿ ಮಾಡಿ 70 ದಿನ. ತಾಲ್ಲೂಕು: ___. ಮುಟುರು ಶುರುವಾಗಿ 8 ದಿನ, ಹೊಲದ ಒಂದು ಮೂಲೆಯಲ್ಲಿ ಮಾತ್ರ. ಕೊನೆಗೆ ಹೊಡೆದ ಔಷಧಿ: ___, ತಾರೀಖು: ___. ಹುಳ ಸಿಕ್ಕಿದ್ದು ಹೂವಿನೊಳಗೆ. ಗ್ರಾಫಿನ ಒಂದು ಚೌಕ 1 ಮಿ.ಮೀ."

ಕೃಷಿ ವಿಜ್ಞಾನ ಕೇಂದ್ರದ ನಂಬರ್ ಗೊತ್ತಿಲ್ಲದಿದ್ದರೆ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ. ಕಿಸಾನ್ ಕಾಲ್ ಸೆಂಟರ್ 1800-180-1551ಕ್ಕೆ ಉಚಿತವಾಗಿ ಕರೆಮಾಡಿ ಕನ್ನಡದಲ್ಲೇ ಮಾತಾಡಬಹುದು.

ಗಿಡ ಮುಟುರಿದೆ, ಹೂವು, ಎಲೆಯಡಿ ಎಲ್ಲಾ ನೋಡಿದರೂ ಒಂದೂ ಹುಳ ಇಲ್ಲ ಎಂದಾದರೆ ಲೆನ್ಸ್ ಬದಲಿಸುತ್ತಾ ಕೂರಬೇಡಿ. ಅದು ಬಿಳಿ ನೊಣ ಹರಡುವ ವೈರಸ್ ಇರಬಹುದು, ವೈರಸ್ ಯಾವ ಲೆನ್ಸಿಗೂ ಕಾಣುವುದಿಲ್ಲ. ಬೇರು ಸಮೇತ ಒಂದು ಗಿಡ ಕಿತ್ತು, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಅವತ್ತೇ ಕೇಂದ್ರಕ್ಕೆ ತೆಗೆದುಕೊಂಡು ಹೋಗಿ.